ತಿಪ್ಪೆಯ ಬಿಸಿಯಲ್ಲಿ ದುಡಿಯುವ ಜೀವಿಗಳು

ಚಿಂತಾಮಣಿಯ ಮಾರುಕಟ್ಟೆಗೆ ಬರುವ ಟೊಮೆಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ ಮತ್ತು ಹೂವು, ಶಿಡ್ಲಘಟ್ಟದ ರೇಷ್ಮೆ ಗೂಡು, ಗೌರಿಬಿದನೂರಿನ ಮುಸುಕಿನ ಜೋಳ ಎಲ್ಲವೂ ನೀರಿನಷ್ಟೇ ಗೊಬ್ಬರವನ್ನೂ ಬೇಡುವ ಬೆಳೆಗಳು. ಸದಾ ಹರಿಯುವ ಒಂದು ಹೊಳೆಯೂ ಇಲ್ಲದ ಈ ಸೀಮೆಯಲ್ಲಿ ನೀರಿನ ಬಗ್ಗೆ ದಶಕಗಳಿಂದ ಚರ್ಚೆ, ಹೋರಾಟ, ಯೋಜನೆ ನಡೆದಿವೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೂ ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳಿಗೂ, ಅನಂತರ ಮತ್ತೊಂದು ಯೋಜನೆಯ ಮೂಲಕ ಚಿಕ್ಕಬಳ್ಳಾಪುರದ ಕೆರೆಗಳಿಗೂ ಹರಿದಾಗ, ಆ ನೀರು ಎಷ್ಟು ಶುದ್ಧ ಎಂಬ ಪ್ರಶ್ನೆಯನ್ನು ಜನ ಗಟ್ಟಿಯಾಗಿ ಕೇಳಿದರು. ಹೊಲಕ್ಕೆ ಬಂದು ಬೀಳುವ ಗೊಬ್ಬರದ ಬಗ್ಗೆ ಅದೇ ಪ್ರಶ್ನೆಯನ್ನು ಅಷ್ಟು ಗಟ್ಟಿಯಾಗಿ ಯಾರೂ ಕೇಳಿಲ್ಲ.

ಕೊಟ್ಟಿಗೆಯ ಸಗಣಿ, ಕೋಳಿ ಫಾರಂನ ಗೊಬ್ಬರ, ರೇಷ್ಮೆ ಹುಳುಮನೆಯ ಕಸ, ಪೇಟೆಯ ಹಸಿ ಕಸ, ಶೌಚಗುಂಡಿಗಳಿಂದ ಟ್ಯಾಂಕರಿನಲ್ಲಿ ಎತ್ತಿ ತಂದ ಮಲದ ಕೆಸರು: ಇವೆಲ್ಲ ಒಂದಲ್ಲ ಒಂದು ದಾರಿಯಲ್ಲಿ ಬಯಲುಸೀಮೆಯ ಮಣ್ಣನ್ನು ಸೇರುತ್ತವೆ. ಇವು ಪೈರಿಗೆ ಆಹಾರವಾಗುತ್ತವೆಯೋ, ರೋಗದ ಬೀಜವನ್ನೂ ಜೊತೆಗೆ ಹೊತ್ತು ತರುತ್ತವೆಯೋ ಎಂಬುದು ಬಹುಮಟ್ಟಿಗೆ ಕಣ್ಣಿಗೆ ಕಾಣದ ಒಂದು ಜೀವಿವರ್ಗದ ಕೆಲಸವನ್ನು ಅವಲಂಬಿಸಿದೆ. ವಿಜ್ಞಾನ ಅವುಗಳನ್ನು ಉಷ್ಣಪ್ರಿಯ ಬ್ಯಾಕ್ಟೀರಿಯಾ ಎಂದು ಕರೆಯುತ್ತದೆ. ಈ ಹೆಸರು ಕೇಳಿದೊಡನೆ ನೆನಪಾಗುವುದು ದೂರದೇಶದ ಕುದಿಯುವ ಬುಗ್ಗೆಗಳು. ಆದರೆ ಅವುಗಳ ಅತಿ ಹತ್ತಿರದ ನೆಲೆ ನಮ್ಮ ಹಿತ್ತಲಿನ ತಿಪ್ಪೆ.

ಯಾರು ಉಷ್ಣಪ್ರಿಯರು

ಬಿಸಿಯನ್ನು ತಡೆದುಕೊಳ್ಳುವುದಕ್ಕೂ ಬಿಸಿಯಲ್ಲಿ ಬೆಳೆಯುವುದಕ್ಕೂ ಇರುವ ಅಂತರವೇ ಈ ಹೆಸರಿನ ತಿರುಳು. ನಮ್ಮ ದೇಹದಲ್ಲೂ ಸುತ್ತಲಿನ ಮಣ್ಣಿನಲ್ಲೂ ಇರುವ ಹೆಚ್ಚಿನ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಬೆಳೆಯುತ್ತವೆ. ಇವು ಮಧ್ಯಮ ತಾಪದ ಜೀವಿಗಳು. ಉಷ್ಣಪ್ರಿಯ ಬ್ಯಾಕ್ಟೀರಿಯಾ ಚುರುಕಾಗುವುದೇ 45 ಡಿಗ್ರಿ ದಾಟಿದ ಮೇಲೆ. 50ರಿಂದ 65 ಡಿಗ್ರಿಯಲ್ಲಿ ಅವು ಹುಲುಸಾಗಿ ಹೆಚ್ಚುತ್ತವೆ. ನಮಗೆ ಹಿತವೆನಿಸುವ ತಾಪದಲ್ಲಿ ಅವುಗಳಲ್ಲಿ ಹಲವಕ್ಕೆ ಬೆಳೆಯಲೇ ಆಗದು. 80 ಡಿಗ್ರಿಗಿಂತ ಮೇಲಿನ ತಾಪವನ್ನೇ ಬಯಸುವ ಜೀವಿಗಳನ್ನು ಅತ್ಯುಷ್ಣಪ್ರಿಯ ಎಂದು ಪ್ರತ್ಯೇಕಿಸಲಾಗುತ್ತದೆ. ಅವುಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಾಗಳೇ ಅಲ್ಲ. 1977ರಲ್ಲಿ ವಿಜ್ಞಾನ ಬೇರೆಯದೇ ಶಾಖೆ ಎಂದು ಗುರುತಿಸಿದ ಆರ್ಕಿಯಾ ಗುಂಪಿಗೆ ಸೇರಿದವು. ಸಮುದ್ರತಳದ ಬಿಸಿ ಬಿರುಕುಗಳಿಂದ ತಂದ ಅಂಥ ಒಂದು ಜೀವಿ, ಒತ್ತಡದಡಿಯಲ್ಲಿ 122 ಡಿಗ್ರಿಯಲ್ಲೂ ಬೆಳೆಯಿತೆಂದು 2008ರಲ್ಲಿ ದಾಖಲಾಗಿದೆ.

ಉಷ್ಣಸಹಿಷ್ಣುಗಳ ಸಂಗತಿ ಬೇರೆ. ಅನ್ನ ಬೇಯುವಾಗ ಸಾಯದೆ ಉಳಿಯುವ ಒಂದು ಬಗೆಯ ಬ್ಯಾಸಿಲಸ್ ಇದೆ. ಕುದಿಯುವ ನೀರಿನಲ್ಲಿ ಅದು ಗಟ್ಟಿ ಕವಚದ ಬೀಜಾಣುವಾಗಿ ಸುಮ್ಮನೆ ಕುಳಿತಿರುತ್ತದೆ. ಅನ್ನ ಆರಿ ಬೆಚ್ಚಗಾದ ಮೇಲೆ ಮೊಳೆತು, ಹೆಚ್ಚಿ, ಹೊಟ್ಟೆ ಕೆಡಿಸುವ ವಿಷ ಬಿಡುತ್ತದೆ. ಅದು ಬಿಸಿಯನ್ನು ಸಹಿಸಿತೇ ಹೊರತು ಬಯಸಲಿಲ್ಲ. ಹಾಲಿನ ಉದ್ಯಮದಲ್ಲಿ ಈ ಹೆಸರಿಗೆ ಇನ್ನೂ ಸಡಿಲವಾದ ಬಳಕೆಯಿದೆ. 42ರಿಂದ 45 ಡಿಗ್ರಿಯಲ್ಲಿ ಮೊಸರು ಮಾಡುವ ಹೆಪ್ಪಿನ ಬ್ಯಾಕ್ಟೀರಿಯಾವನ್ನೂ ಅಲ್ಲಿ ಉಷ್ಣಪ್ರಿಯ ಎನ್ನುತ್ತಾರೆ. ಅವುಗಳಲ್ಲೊಂದರ ವೈಜ್ಞಾನಿಕ ಹೆಸರೇ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್. ಸೂಕ್ಷ್ಮಜೀವಿಶಾಸ್ತ್ರದ ಕಟ್ಟುನಿಟ್ಟಾದ ಅಳತೆಯಲ್ಲಿ ಅದು ಗಡಿಯ ಮೇಲೆ ನಿಂತ ಜೀವಿ. ಇದು ಪಂಡಿತರ ತರ್ಕ ಎಂದು ಪಕ್ಕಕ್ಕಿಡುವಂತಿಲ್ಲ. ಹಾಲು ಕಾಯಿಸುವವರಿಗೂ ಗೊಬ್ಬರ ಮಾಗಿಸುವವರಿಗೂ ಈ ವ್ಯತ್ಯಾಸದ ಮೇಲೆಯೇ ಲಾಭ ನಷ್ಟ ನಿಂತಿದೆ.

ನದಿಯ ನೀರಿನಿಂದ ಪ್ರಯೋಗಾಲಯಕ್ಕೆ

ಪ್ಯಾರಿಸ್‌ನ ಸೇನ್ ನದಿಯ ನೀರಿನಲ್ಲಿ, 70 ಡಿಗ್ರಿಯ ಆಸುಪಾಸಿನಲ್ಲಿ ಬೆಳೆಯಬಲ್ಲ ಬ್ಯಾಸಿಲಸ್ ಇದೆಯೆಂದು 1879ರಲ್ಲೇ ವರದಿಯಾಗಿತ್ತು. ಸಾಧಾರಣ ತಂಪಿನ ನದಿಯಲ್ಲಿ ಅಂಥ ಜೀವಿ ಏಕಿದೆ ಎಂಬುದು ಬಹುಕಾಲ ಒಗಟಾಗಿತ್ತು. ಮುಂದೆ 1960ರ ದಶಕದಲ್ಲಿ ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದ ಬಿಸಿನೀರ ಬುಗ್ಗೆಗಳಲ್ಲಿ ನಡೆದ ಶೋಧದಿಂದ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾ 1969ರಲ್ಲಿ ಬೆಳಕಿಗೆ ಬಂತು. ಅದರ ಡಿಎನ್ಎ ನಕಲಿಸುವ ಕಿಣ್ವವನ್ನು 1976ರಲ್ಲಿ ಬೇರ್ಪಡಿಸಲಾಯಿತು. 95 ಡಿಗ್ರಿಯ ಬಿಸಿಗೂ ಹಾಳಾಗದ ಆ ಕಿಣ್ವ, 1983ರಲ್ಲಿ ಹೊಳೆದ, ಡಿಎನ್ಎ ನಕಲುಗಳನ್ನು ಹೆಚ್ಚಿಸುವ ಪಿಸಿಆರ್ ವಿಧಾನವನ್ನು ದಿನಬಳಕೆಯ ತಂತ್ರವನ್ನಾಗಿ ಮಾಡಿತು. 1993ರಲ್ಲಿ ಆ ವಿಧಾನಕ್ಕೆ ನೊಬೆಲ್ ಬಂತು. 2020ರಲ್ಲಿ ಕೊರೊನಾದ ಪಿಸಿಆರ್ ಪರೀಕ್ಷೆಗೆಂದು ಮೂಗಿನ ದ್ರವ ಕೊಟ್ಟ ಪ್ರತಿಯೊಬ್ಬರೂ ಈ ಕುಲದ ಜೀವಿಗಳ ಋಣದಲ್ಲಿದ್ದಾರೆ.

ಇದರ ಹಿಂದೆ ಹಣದ ಕತೆಯೂ ಇದೆ. ಪಿಸಿಆರ್ ಹಕ್ಕುಗಳು 1991ರಲ್ಲಿ 30 ಕೋಟಿ ಡಾಲರಿಗೆ ಕೈ ಬದಲಾಯಿಸಿದವು. ಬುಗ್ಗೆಯನ್ನು ಕಾಪಾಡಿದ್ದ ಉದ್ಯಾನಕ್ಕೆ ಅದರಲ್ಲಿ ಪಾಲು ಬರಲಿಲ್ಲ. ಭಾರತದ 2002ರ ಜೀವವೈವಿಧ್ಯ ಕಾಯ್ದೆ ಸೂಕ್ಷ್ಮಜೀವಿಗಳನ್ನೂ ಒಳಗೊಳ್ಳುತ್ತದೆ. ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಸಮಿತಿಗಳಿರಬೇಕು, ಲಾಭದಲ್ಲಿ ಪಾಲು ಸಲ್ಲಬೇಕು ಎನ್ನುತ್ತದೆ. ಊರಿನ ಮರಗಿಡಗಳ ದಾಖಲೆ ಬರೆಯುವ ಈ ಸಮಿತಿಗಳ ಗಮನ ಮಣ್ಣಿನ ಜೀವಿಗಳ ಕಡೆಗೂ ಹೊರಳುವುದು ಉಚಿತ.

ಬುಗ್ಗೆಯಿಲ್ಲದ ನೆಲ

ಹಿಮಾಚಲದ ಮಣಿಕರಣದಂತೆ, ಲಡಾಖಿನ ಪೂಗಾ ಕಣಿವೆಯಂತೆ ಕುದಿಯುವ ನೀರು ಕರ್ನಾಟಕದಲ್ಲಿ ಇಲ್ಲ. ಪುತ್ತೂರಿನ ಬಳಿಯ ಇರ್ದೆಯ ಬೆಂದ್ರ್ ತೀರ್ಥ ಒಂದೇ ಹೆಸರಾದ ಬಿಸಿ ಚಿಲುಮೆ. ಅದೂ ಸ್ನಾನಕ್ಕೆ ಹಿತವಾಗುವಷ್ಟೇ ಬೆಚ್ಚಗಿನ ನೀರು. ಚಿಂತಾಮಣಿಯ ಕೆಳಗಿರುವುದು ಕೋಟ್ಯಂತರ ವರ್ಷಗಳ ಹಿಂದೆಯೇ ತಣಿದು ಗಟ್ಟಿಯಾದ ಹಳೆಯ ಬಂಡೆ. ಇಲ್ಲಿ ಆಳಕ್ಕೆ ಇಳಿದಂತೆ ಬಿಸಿ ಏರುವುದು ಬಹಳ ನಿಧಾನ. 1,500 ಅಡಿಯ ಕೊಳವೆಬಾವಿಯಿಂದ ಬರುವ ನೀರು ಕೈಗೆ ಉಗುರುಬೆಚ್ಚಗೆ ತಾಗಬಹುದು, ಉಷ್ಣಪ್ರಿಯರಿಗೆ ಅದು ಚಳಿಯೇ. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ, 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ತಳದಲ್ಲಿ ಮಾತ್ರ ಬಂಡೆಯ ತಾಪ 60 ಡಿಗ್ರಿ ದಾಟುತ್ತಿತ್ತು. ದಕ್ಷಿಣ ಆಫ್ರಿಕದ ಅಂಥದೇ ಆಳದ ಚಿನ್ನದ ಗಣಿಯೊಂದರ ಬಿರುಕಿನ ನೀರಿನಲ್ಲಿ, ಸೂರ್ಯನ ಬೆಳಕಿನ ಹಂಗಿಲ್ಲದೆ ಹೆಚ್ಚುಕಡಿಮೆ ಒಂಟಿಯಾಗಿ ಬದುಕುವ ಉಷ್ಣಪ್ರಿಯ ಬ್ಯಾಕ್ಟೀರಿಯಾವನ್ನು ವಿಜ್ಞಾನಿಗಳು 2008ರಲ್ಲಿ ವಿವರಿಸಿದರು. ನಮ್ಮ ಗಣಿಯ ಆಳವೂ ಅಂಥ ಆಸಕ್ತಿಗೆ ಅರ್ಹ.

ಹಾಗಾದರೆ ಬುಗ್ಗೆಯಿಲ್ಲದ ನೆಲದಲ್ಲಿ ಈ ಜೀವಿಗಳು ಎಲ್ಲಿಂದ ಬರುತ್ತವೆ? ಸೇನ್ ನದಿಯ ಒಗಟಿಗೆ ಸಿಕ್ಕ ಉತ್ತರವೇ ಇದಕ್ಕೂ ಉತ್ತರ. ಜಿಯೋಬ್ಯಾಸಿಲಸ್ ಎಂಬ ಉಷ್ಣಪ್ರಿಯ ಕುಲದ ಬೀಜಾಣುಗಳು ತಂಪು ದೇಶಗಳ ಮಣ್ಣೂ ಸೇರಿದಂತೆ ಎಲ್ಲೆಡೆ ಸಿಗುತ್ತವೆ. ಗಾಳಿ ಧೂಳಿನೊಡನೆ ಅವುಗಳನ್ನು ಹೊತ್ತು ಹರಡುತ್ತದೆ. ಬೆಳೆಯಲು ಬೇಕಾದ ಬಿಸಿ ಸಿಗುವವರೆಗೆ ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲವು. ಸೊಪ್ಪು, ಸಗಣಿ, ಹುಲ್ಲು ಒಟ್ಟಾಗಿ ಕೊಳೆಯುವ ರಾಶಿಯೊಳಗೆ ಅಂಥ ಬಿಸಿ ತಾನಾಗಿಯೇ ಹುಟ್ಟುತ್ತದೆ.

ತಿಪ್ಪೆ ಕಾಯುವ ಬಗೆ

ರಾಶಿ ಹಾಕಿದ ಮೊದಲ ದಿನಗಳಲ್ಲಿ ಕೆಲಸ ಮಾಡುವುದು ಮಧ್ಯಮ ತಾಪದ ಬ್ಯಾಕ್ಟೀರಿಯಾ. ಸಕ್ಕರೆ, ಪಿಷ್ಟ, ಸಾರಜನಕದ ಅಂಶಗಳನ್ನು ಅವು ಬಿರುಸಿನಿಂದ ತಿನ್ನುತ್ತವೆ. ಉಸಿರಾಡುವ ಪ್ರತಿ ಜೀವಿಯೂ ಬಿಸಿ ಬಿಡುತ್ತದೆ. ಬಯಲಿನಲ್ಲಿ ಆ ಬಿಸಿ ಹಾರಿಹೋಗುತ್ತದೆ, ಮೂರು ನಾಲ್ಕು ಅಡಿ ಎತ್ತರದ ರಾಶಿಯ ನಡುವೆ ಹುಲ್ಲೇ ಹೊದಿಕೆಯಾಗಿ ಅದನ್ನು ಹಿಡಿದಿಡುತ್ತದೆ. ಎರಡು ಮೂರು ದಿನಗಳಲ್ಲಿ ತಾಪ 45 ಡಿಗ್ರಿ ಮುಟ್ಟಿದಾಗ, ಬಿಸಿ ಹುಟ್ಟಿಸಿದ ಜೀವಿಗಳೇ ಅದನ್ನು ತಾಳಲಾರದೆ ಹಿಂದೆ ಸರಿಯುತ್ತವೆ. ಕಾದಿದ್ದ ಬೀಜಾಣುಗಳು ಆಗ ಮೊಳೆಯುತ್ತವೆ. ಜಿಯೋಬ್ಯಾಸಿಲಸ್ ಜೊತೆಗೆ, ಮಣ್ಣಿನ ವಾಸನೆಗೆ ಕಾರಣವಾದ ಬ್ಯಾಕ್ಟೀರಿಯಾಗಳ ನೆಂಟರಾದ ಥರ್ಮೋಬಿಫಿಡಾದಂಥವು ಎಳೆ ಎಳೆಯಾಗಿ ಹಬ್ಬಿ, ಕಡ್ಡಿ ಮತ್ತು ನಾರಿನ ಗಟ್ಟಿ ಅಂಶವನ್ನು ಒಡೆಯುತ್ತವೆ. ರಾಶಿ ಕೆದಕಿದಾಗ ಒಳಗೆ ಬೂದಿ ಎರಚಿದಂತೆ ಕಾಣುವ ಬಿಳುಪು ಹೆಚ್ಚಾಗಿ ಇವುಗಳದೇ ಗುರುತು. 65 ಡಿಗ್ರಿ ದಾಟಿದರೆ ಇವುಗಳಲ್ಲೂ ಹಲವು ಸೋಲುತ್ತವೆ. ಯೆಲ್ಲೊಸ್ಟೋನಿನ ಜೀವಿಯ ಕುಲಕ್ಕೇ ಸೇರಿದ ಥರ್ಮಸ್ ಬ್ಯಾಕ್ಟೀರಿಯಾ ಅತಿ ಬಿಸಿಯಾದ ಗೊಬ್ಬರದ ರಾಶಿಗಳಲ್ಲಿ ಬದುಕಿರುವುದನ್ನು 1990ರ ದಶಕದಲ್ಲಿ ಯುರೋಪಿನ ಸಂಶೋಧಕರು ಕಂಡರು.

ಈ ಘಟ್ಟದ ಮಹತ್ವ ಕೊಳೆಯುವ ವೇಗದಲ್ಲಷ್ಟೇ ಇಲ್ಲ. ಮನುಷ್ಯರ ಮತ್ತು ದನಗಳ ಕರುಳಿನಿಂದ ಬರುವ ರೋಗಾಣುಗಳು, ಜಂತುಹುಳದ ಮೊಟ್ಟೆ, ಕಳೆಯ ಬೀಜ ಇವು 55 ಡಿಗ್ರಿಗಿಂತ ಮೇಲಿನ ಬಿಸಿಯನ್ನು ದಿನಗಟ್ಟಲೆ ತಾಳಲಾರವು. ಅಮೆರಿಕದ 1993ರ ನಿಯಮ, ಉದ್ದ ಸಾಲಿನ ರಾಶಿಗಳಲ್ಲಿ 15 ದಿನ 55 ಡಿಗ್ರಿ ಉಳಿಯಬೇಕು, ಆ ಅವಧಿಯಲ್ಲಿ 5 ಬಾರಿಯಾದರೂ ಮಗುಚಬೇಕು ಎನ್ನುತ್ತದೆ. ಮನುಷ್ಯಮಲವನ್ನು ಕೃಷಿಗೆ ಬಳಸುವ ಕುರಿತ 2006ರ ಅಂತರರಾಷ್ಟ್ರೀಯ ಆರೋಗ್ಯ ಮಾರ್ಗಸೂಚಿ, 50 ಡಿಗ್ರಿಗಿಂತ ಹೆಚ್ಚಿನ ಬಿಸಿ ಒಂದು ವಾರಕ್ಕೂ ಮಿಕ್ಕಿ ಇರಬೇಕು ಎಂದು ಹೇಳುತ್ತದೆ. ಮಗುಚುವುದು ಏಕೆ ಎಂದರೆ ರಾಶಿಯ ಹೊರಗಿನ ಒಂದು ಅಡಿ ಎಂದೂ ಕಾಯುವುದಿಲ್ಲ. ಹೊರಗಿದ್ದದ್ದು ಒಳಗೆ ಹೋಗದಿದ್ದರೆ ಅರ್ಧ ಗೊಬ್ಬರ ಹಸಿಯಾಗಿಯೇ ಉಳಿಯುತ್ತದೆ.

ಬಿಸಿ ಏರಲು ಮೂರು ಹದ ಕೂಡಿಬರಬೇಕು. ಇಂಗಾಲ ಮತ್ತು ಸಾರಜನಕದ ಪ್ರಮಾಣ 25ರಿಂದ 30ಕ್ಕೆ 1ರಂತಿರಬೇಕು. ಅಂದರೆ ಬರೀ ಸಗಣಿಯೂ ಸಾಲದು, ಬರೀ ಒಣಹುಲ್ಲೂ ಸಾಲದು. ತೇವ ಶೇ 50ರಿಂದ 60ರಷ್ಟಿರಬೇಕು. ಗಾಳಿ ಆಡಬೇಕು. ನಮ್ಮ ಊರುಗಳ ತಿಪ್ಪೆಯಲ್ಲಿ ಈ ಮೂರೂ ಕೂಡುವುದು ಅಪರೂಪ. ದಿನಕ್ಕೊಂದು ಮಂಕರಿಯಂತೆ ತಿಂಗಳುಗಟ್ಟಲೆ ಸುರಿಯುವುದರಿಂದ ಬಿಸಿ ಒಂದೇ ಸಲ ಏರಲು ಬೇಕಾದಷ್ಟು ಹಸಿ ರಾಶಿ ಸೇರುವುದಿಲ್ಲ. ಸೀಮೆಹಸುಗಳ ಕೊಟ್ಟಿಗೆಯಿಂದ ತೊಳೆದ ನೀರಿನ ಜೊತೆ ಬರುವ ಸಗಣಿ ತೀರಾ ತೆಳು. ಗುಂಡಿಯಲ್ಲಿ ಗಾಳಿಯಿಲ್ಲದೆ ಹುಳಿಯುತ್ತದೆ. ಮಾರ್ಚ್ ಬಂದರೆ ಮೇಲ್ಪದರ ಒಣಗಿ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಬೆಂಗಳೂರಿನ ಹೆಸರು ಹೊತ್ತ ಪದ್ಧತಿ

ಈ ಸಮಸ್ಯೆ ಹೊಸದಲ್ಲ, ಅದಕ್ಕೆ ಹುಡುಕಿದ ಉತ್ತರವೂ ಹೊರಗಿನದಲ್ಲ. 1920ರ ದಶಕದಲ್ಲಿ ಇಂದೋರಿನಲ್ಲಿ ರೂಪುಗೊಂಡ ಪದ್ಧತಿ ಮಗುಚುವಿಕೆಯನ್ನು ಆಧಾರವಾಗಿಟ್ಟುಕೊಂಡಿತು. ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಕೈಗೆ ಸಿಗುತ್ತಿತ್ತು, ಆದರೆ ಆಳೂ ನೀರೂ ಹೆಚ್ಚು ಬೇಕಿತ್ತು. 1939ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪಟ್ಟಣದ ಕಸ ಮತ್ತು ಮಲವನ್ನು ಪದರ ಪದರವಾಗಿ ಗುಂಡಿಗೆ ತುಂಬಿ ಮುಚ್ಚುವ ವಿಧಾನ ಸಿದ್ಧವಾಯಿತು. ಜಗತ್ತಿನ ಪಠ್ಯಪುಸ್ತಕಗಳಲ್ಲಿ ಅದು ಇಂದಿಗೂ ಬೆಂಗಳೂರು ಪದ್ಧತಿ. ಮೊದಲ ಎಂಟು ಹತ್ತು ದಿನ ಗಾಳಿಯಿರುವಾಗ ಬಿಸಿ ಏರುತ್ತದೆ, ಅನಂತರ ಗಾಳಿಯಿಲ್ಲದೆ ನಿಧಾನವಾಗಿ ಆರೆಂಟು ತಿಂಗಳು ಮಾಗುತ್ತದೆ. ಮಗುಚುವ ಕೂಲಿಯಿಲ್ಲ, ನೀರು ಆವಿಯಾಗುವುದಿಲ್ಲ. ಮಳೆ ಕಡಿಮೆಯ ಸೀಮೆಗೆ ಒಗ್ಗುವ ಯೋಚನೆಯೇ ಸರಿ. ಆದರೆ ಬಿಸಿ ಎಲ್ಲ ಪದರಗಳನ್ನೂ ಸಮನಾಗಿ ಮುಟ್ಟುವುದಿಲ್ಲ ಎಂಬುದು ಅದರ ದೌರ್ಬಲ್ಯ. ಆ ಕೊರತೆಯನ್ನು ತಿಂಗಳುಗಳ ಕಾಯುವಿಕೆ ತುಂಬಬೇಕು.

ಈಗ ಆ ಕಾಯುವಿಕೆಯೇ ಕಾಣೆಯಾಗಿದೆ. ಒಳಚರಂಡಿ ಮುಟ್ಟದ ಬೆಂಗಳೂರಿನ ಹೊರವಲಯದಲ್ಲಿ ಶೌಚಗುಂಡಿ ಖಾಲಿ ಮಾಡುವ ಟ್ಯಾಂಕರುಗಳು ಕೆಸರನ್ನು ನೇರವಾಗಿ ಹೊಲ ತೋಟಗಳಿಗೆ ಬಿಡುವುದು ವರ್ಷಗಳಿಂದ ಎಲ್ಲರೂ ಬಲ್ಲ ಸಂಗತಿ. ರೈತರು ಅದನ್ನು ಬೇಡವೆನ್ನುವುದಿಲ್ಲ, ಪೋಷಕಾಂಶಕ್ಕೆ ಕೊರತೆಯಿಲ್ಲ, ಬೆಲೆಯೂ ಅಗ್ಗ. ನಂದಿ ಬೆಟ್ಟಕ್ಕೆ ಹತ್ತಿರದ ದೇವನಹಳ್ಳಿಯಲ್ಲಿ 2015ರಲ್ಲಿ ತೆರೆದ ಘಟಕ, ದೇಶದಲ್ಲಿ ಪಟ್ಟಣ ಮಟ್ಟದಲ್ಲಿ ಮಲದ ಕೆಸರನ್ನೇ ಸಂಸ್ಕರಿಸಲು ಮೊದಮೊದಲು ಕಟ್ಟಿದವುಗಳಲ್ಲಿ ಒಂದು. ಅಲ್ಲಿ ಒಣಗಿಸಿದ ಕೆಸರನ್ನು ಪಟ್ಟಣದ ಹಸಿ ಕಸದ ಜೊತೆ ಬೆರೆಸಿ ಕಾಯಿಸುವ ಪ್ರಯೋಗವೂ ನಡೆದಿದೆ. ಕೆಸರಿನಲ್ಲಿ ಸಾರಜನಕ, ಕಸದಲ್ಲಿ ಇಂಗಾಲ. ಎರಡೂ ಸೇರಿದರೆ ಉಷ್ಣಪ್ರಿಯರಿಗೆ ಬೇಕಾದ ಹದ. ಚಿಕ್ಕಬಳ್ಳಾಪುರ ಜಿಲ್ಲೆಯ ಪಟ್ಟಣಗಳಿಗೆ ಇದಕ್ಕಿಂತ ಹತ್ತಿರದ ಪಾಠಶಾಲೆ ಇಲ್ಲ.

ಹುಳುಮನೆಯ ಕಸ, ಡೈರಿಯ ಕೊಳವೆ

ಶಿಡ್ಲಘಟ್ಟ ಮತ್ತು ಚಿಂತಾಮಣಿ ತಾಲ್ಲೂಕುಗಳ ರೇಷ್ಮೆ ಬೆಳೆಗಾರರಿಗೆ ಹುಳುವಿನ ರೋಗವೇ ದೊಡ್ಡ ಭಯ. ಹಾಲುರೋಗ, ಸಪ್ಪೆರೋಗ, ಸುಣ್ಣಕಟ್ಟು, ಪೆಬ್ರಿನ್ ಯಾವುದೇ ಬಂದರೂ ಇಡೀ ಬೆಳೆ ಕೈಬಿಡುತ್ತದೆ. ರೋಗಕಾರಕಗಳು ಹಿಕ್ಕೆಯಲ್ಲೂ ಸತ್ತ ಹುಳುವಿನಲ್ಲೂ ಉಳಿದು ಮುಂದಿನ ಬೆಳೆಗೆ ದಾಟುತ್ತವೆ. ಆದ್ದರಿಂದಲೇ ಹುಳುಮನೆಯ ಕಸವನ್ನು ಹಸಿಯಾಗಿ ಹಿಪ್ಪುನೇರಳೆ ತೋಟಕ್ಕೆ ಹಾಕಬಾರದು, ಮನೆಯಿಂದ ದೂರದ ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿ ಪೂರ್ತಿ ಕೊಳೆಸಬೇಕು ಎಂಬ ಸಲಹೆ ಹಳೆಯದು. ಸಲಹೆ ಸರಿಯಿದೆ, ಆದರೆ ಕಡ್ಡಿ ಸೊಪ್ಪು ಮೇಯಿಸುವ ಪದ್ಧತಿ ಬಂದ ಮೇಲೆ ಉಳಿಯುವ ಕಸದ ಬಹುಭಾಗ ಉದ್ದನೆಯ ಕಡ್ಡಿ. ಅದನ್ನು ತುಂಡರಿಸದೆ ಗುಂಡಿಗೆ ತುಂಬಿದರೆ ನಡುವೆ ಗಾಳಿಯ ಪೊಳ್ಳು ಉಳಿದು ಬಿಸಿ ನಿಲ್ಲುವುದಿಲ್ಲ. ಕಡ್ಡಿ ಕತ್ತರಿಸುವ ಒಂದು ಯಂತ್ರ ಹಲವು ಮನೆಗಳಿಗೆ ಆಗುತ್ತದೆ, ಇಲ್ಲಿ ಬೇಕಿರುವುದು ಅದು.

ಡೈರಿಯಲ್ಲಿ ಇದೇ ಜೀವಿಗಳು ಬೇಡದ ಅತಿಥಿಗಳು. ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿದರೆ ರೋಗಾಣುಗಳು ಸಾಯುತ್ತವೆ. ಆದರೆ ಹಾಲಿನ ಪುಡಿ ಮಾಡುವಾಗ ಹಾಲು 45ರಿಂದ 70 ಡಿಗ್ರಿಯಲ್ಲಿ ಗಂಟೆಗಟ್ಟಲೆ ಹರಿಯುವ ಕೊಳವೆ ಮತ್ತು ತಟ್ಟೆಗಳ ಮೇಲೆ ಜಿಯೋಬ್ಯಾಸಿಲಸ್‌ನಂಥವು ಪೊರೆ ಕಟ್ಟಿ ಬೆಳೆಯುತ್ತವೆ. ಸಾಮಾನ್ಯವಾಗಿ ಇವು ರೋಗ ತರುವುದಿಲ್ಲ, ಆದರೆ ಪುಡಿಯಲ್ಲಿ ಇವುಗಳ ಸಂಖ್ಯೆ ಏರಿದರೆ ಗುಣಮಟ್ಟ ಇಳಿಯುತ್ತದೆ. ಇನ್ನೂ ಬಿಸಿ ಮಾಡಿದರೆ ಸರಿಹೋದೀತು ಎಂಬ ಅವಸರದ ಉಪಾಯ ಇಲ್ಲಿ ನಡೆಯದು. ನಿಗದಿತ ಅವಧಿಗೆ ಯಂತ್ರ ನಿಲ್ಲಿಸಿ ತೊಳೆಯುವುದೇ ಮುಖ್ಯ ದಾರಿ. ಇದೇ ಕುಲದ ಬೀಜಾಣುಗಳ ಹಟ ಆಸ್ಪತ್ರೆಗಳಿಗೆ ಉಪಕಾರಿ. ಉಪಕರಣಗಳನ್ನು 121 ಡಿಗ್ರಿಯ ಹಬೆಯಲ್ಲಿ ಶುದ್ಧಿ ಮಾಡುವ ಆಟೋಕ್ಲೇವ್ ಸರಿಯಾಗಿ ಕೆಲಸ ಮಾಡಿತೇ ಎಂದು ತಿಳಿಯಲು ಜಿಯೋಬ್ಯಾಸಿಲಸ್ ಬೀಜಾಣುಗಳ ಪಟ್ಟಿಯನ್ನು ಒಳಗಿಡುತ್ತಾರೆ. ಅವೇ ಸತ್ತರೆ ಉಳಿದದ್ದೂ ಸತ್ತಿತೆಂದು ನಂಬಬಹುದು.

ತೂಗಿ ನೋಡಿದಾಗ

ಬಿಸಿ ಗೊಬ್ಬರದ ವಿರುದ್ಧ ಹೇಳಬಹುದಾದ್ದು ಸಾಕಷ್ಟಿದೆ, ಅದನ್ನು ಅಲಕ್ಷಿಸಬಾರದು. ರಾಶಿ ಕಾದಷ್ಟೂ ಸಾರಜನಕದ ಒಂದು ಪಾಲು ಅಮೋನಿಯ ಆಗಿ ಗಾಳಿಗೆ ಹೋಗುತ್ತದೆ. ಕೋಳಿ ಗೊಬ್ಬರದಲ್ಲಿ ಈ ನಷ್ಟ ಮೂಗಿಗೇ ತಿಳಿಯುತ್ತದೆ. ಒಣ ಕಸ ಹೆಚ್ಚು ಬೆರೆಸಿದರೆ ನಷ್ಟ ತಗ್ಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಮಗುಚಲು ಆಳು ಸಿಗುವುದಿಲ್ಲ ಎಂಬ ರೈತರ ದೂರು ನಿಜ. ಗುಂಡಿ ಕಟ್ಟಲು ಸರ್ಕಾರದ ನೆರವು ಸಿಗುತ್ತದೆ, ಮಗುಚುವ ಕೂಲಿ ರೈತರ ಮೇಲೆಯೇ ಬೀಳುತ್ತದೆ. ಕೊಳವೆಬಾವಿಯ ನೀರನ್ನು ತಿಪ್ಪೆಗೆ ಹಾಕು ಎನ್ನುವ ಮಾತು ಇಲ್ಲಿ ಸುಲಭವಾಗಿ ಬಾಯಿಂದ ಹೊರಡದು. ಎರೆಗೊಬ್ಬರ ಮಾಡುವವರಿಗೆ ಈ ಬಿಸಿಯೇ ಶತ್ರು, 35 ಡಿಗ್ರಿ ದಾಟಿದರೆ ಎರೆಹುಳು ಉಳಿಯುವುದು ಕಷ್ಟ. ಕಾದು ಆರಿದ ಗೊಬ್ಬರವನ್ನು ಎರೆಹುಳಕ್ಕೆ ಕೊಟ್ಟರೆ ಎರಡೂ ಕೆಲಸ ಆಗುತ್ತದೆ. ಬಿಸಿಯಿಂದ ಆಗದ ಕೆಲಸಗಳೂ ಇವೆ. ಪೇಟೆಯ ಕಸದ ಪ್ಲಾಸ್ಟಿಕ್ ಚೂರು, ಕೆಸರಿನ ಭಾರಲೋಹ ಎಷ್ಟು ಕಾಯಿಸಿದರೂ ಹೋಗವು. ಬೂಸ್ಟು ಹಿಡಿದ ಹುಲ್ಲು ಮತ್ತು ಒಣ ರಾಶಿಯ ಧೂಳಿನಲ್ಲಿರುವ ಕೆಲವು ಉಷ್ಣಪ್ರಿಯರ ಬೀಜಾಣುಗಳು ಪದೇ ಪದೇ ಶ್ವಾಸಕ್ಕೆ ಹೋದರೆ ಶ್ವಾಸಕೋಶದ ಕಾಯಿಲೆ ತರುತ್ತವೆ. ರಾಶಿ ಕೆದಕುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು, ರಾಶಿಯನ್ನು ತೇವವಾಗಿರಿಸುವುದು ಅಗತ್ಯ.

ಇಷ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಹಸಿ ಗೊಬ್ಬರ ಸುರಿಯುವುದನ್ನು ಸಮರ್ಥಿಸುವುದು ಕಷ್ಟ. ಕೊತ್ತಂಬರಿ, ಮೂಲಂಗಿ, ಕ್ಯಾರೆಟ್, ಟೊಮೆಟೊ ಬೇಯಿಸದೆ ತಿನ್ನುವ ಬೆಳೆಗಳು. ಅವು ಈ ನೆಲದಿಂದ ಬೆಂಗಳೂರಿಗೂ ನೆರೆಯ ರಾಜ್ಯಗಳಿಗೂ ಹೋಗುತ್ತವೆ. ಎಲ್ಲ ಗೊಬ್ಬರಕ್ಕೂ ಒಂದೇ ನಿಯಮ ಹೇರುವುದಕ್ಕಿಂತ ಅಪಾಯದ ಕ್ರಮದಲ್ಲಿ ಮುಂದುವರಿಯುವುದು ವಿವೇಕ. ಮೊದಲು ಮಲದ ಕೆಸರು: 55 ಡಿಗ್ರಿಯ ದಾಖಲೆಯಿಲ್ಲದೆ ಅದು ಯಾವ ಹೊಲಕ್ಕೂ ಹೋಗಬಾರದು, ಮತ್ತು ಅದರ ಹೊಣೆ ರೈತರದಲ್ಲ, ಪಟ್ಟಣಗಳದು. ಅನಂತರ ಕೋಳಿ ಗೊಬ್ಬರ, ಅದರ ಹಿಂದೆ ಹುಳುಮನೆಯ ಕಸ. ದನದ ಸಗಣಿಯ ಸರದಿ ಕೊನೆಯದು. ಪುಡಿ, ದ್ರಾವಣದ ರೂಪದಲ್ಲಿ ಮಾರುವ ಸೂಕ್ಷ್ಮಜೀವಿಗಳಿಗೆ ಹಣ ಸುರಿಯುವ ಮುನ್ನ ಎರಡು ಬಾರಿ ಯೋಚಿಸಬೇಕು. ಬೇಕಾದ ಜೀವಿಗಳು ನಮ್ಮ ಮಣ್ಣು ಸಗಣಿಗಳಲ್ಲೇ ಇವೆ. ಅದೇ ಹಣದಲ್ಲಿ ಉದ್ದ ಕಡ್ಡಿಯ ಉಷ್ಣಮಾಪಕವೊಂದನ್ನು ಪ್ರತಿ ಹಾಲಿನ ಡೈರಿಯಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇಡಬಹುದು. ಹಾಲಿನ ಜಿಡ್ಡು ಅಳೆದು ಬೆಲೆ ಕಟ್ಟುವ ಪದ್ಧತಿಯನ್ನು ದಶಕಗಳಿಂದ ರೂಢಿಸಿಕೊಂಡ ಊರುಗಳಿಗೆ ತಿಪ್ಪೆಯ ತಾಪ ಅಳೆಯುವುದು ದೊಡ್ಡ ಮಾತಲ್ಲ.

ಕಾಲವನ್ನೂ ಸರಿಯಾಗಿ ಆರಿಸಿಕೊಳ್ಳಬೇಕು. ಈ ಸೀಮೆಗೆ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್ ಅಕ್ಟೋಬರ್ ತಿಂಗಳಲ್ಲಿ. ಅದರ ಬೆನ್ನಿಗೆ ರಾಗಿ ಕೊಯ್ಲು, ಒಕ್ಕಣೆ ಮುಗಿದು ಹುಲ್ಲು, ಹೊಟ್ಟು ಕೈಗೆ ಬರುತ್ತವೆ. ತಿಪ್ಪೆ ಆಗಲೂ ನೆನೆದಿರುತ್ತದೆ, ಗಾಳಿ ಒಣಗಿರುವುದಿಲ್ಲ, ರಾಶಿ ಒಳಗಿನಿಂದಲೇ ಕಾಯುವುದರಿಂದ ಹೊರಗಿನ ಚಳಿ ಅಡ್ಡಿಯಾಗುವುದಿಲ್ಲ. ನವೆಂಬರ್ ಕೊನೆಯಲ್ಲಿ ಒಮ್ಮೆಗೇ ಒಟ್ಟಿದ ರಾಶಿಯನ್ನು ಡಿಸೆಂಬರಿನಲ್ಲಿ ಐದು ಬಾರಿ ಮಗುಚಿ, ಜನವರಿಯಲ್ಲಿ ಮಣ್ಣು ಮುಚ್ಚಿ ಬಿಟ್ಟರೆ, ಮುಂಗಾರಿನ ಬಿತ್ತನೆಗೆ ಮುನ್ನ ಮಾಗಲು ಐದು ತಿಂಗಳು ಸಿಗುತ್ತದೆ. ಬೇಸಿಗೆಯ ಕೊಳವೆಬಾವಿ ನೀರನ್ನು ಆ ರಾಶಿ ಕೇಳುವುದಿಲ್ಲ.